ಹಡಗು ಹತ್ತುವ ಹೊತ್ತು
ಮಯಾಮಿಯಿಂದ ಸಂಜೆ 4ಕ್ಕೆ ಹೊರಡುವ ಪ್ರವಾಸಿ ಹಡಗಿಗೆ ಮೂರೂವರೆಗೆ ತಲುಪಿದರೆ ಸಾಕೆಂದು ಊರಿನಿಂದ ಬಂದಿದ್ದ ಅಪ್ಪ ಭಾವಿಸಿದ್ದರು. ಅಷ್ಟು ಹೊತ್ತಿಗೆ ಚೆಕ್-ಇನ್ ಮುಗಿದೇ ಹೋಗಿರುತ್ತದೆ. ಅಮೆರಿಕದ ಬಂದರಿನಿಂದ ವಿದೇಶಕ್ಕೆ ಹೊರಡುವ ಹಡಗು, ತನ್ನಲ್ಲಿರುವ ಪ್ರಯಾಣಿಕರ ಪಟ್ಟಿಯನ್ನು ಹೊರಡುವುದಕ್ಕೆ ಕನಿಷ್ಠ 60 ನಿಮಿಷ ಮೊದಲೇ ಗಡಿ ಇಲಾಖೆಗೆ ಸಲ್ಲಿಸಬೇಕಾಗಿರುವುದರಿಂದ, ಕಂಪನಿಗಳು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ಮುಂಚಿತವಾಗಿ ಬಾಗಿಲು ಮುಚ್ಚುತ್ತವೆ.

ಚೆಕ್-ಇನ್‌ಗೆ ನಾವು ಆನ್‌ಲೈನ್‌ನಲ್ಲಿ ಆಯ್ದುಕೊಂಡ ಸಮಯ ಮಧ್ಯಾಹ್ನ 12 ಗಂಟೆ. ಜನದಟ್ಟಣೆಯನ್ನು ಹಂಚುವುದಕ್ಕಾಗಿಯೇ ಇರುವ ಈ ಸಮಯವನ್ನು ಪಾಲಿಸುವುದು ವಯಸ್ಸಾದವರಿಗೆ ದೊಡ್ಡ ಉಪಕಾರ ಎಂದು ನಾನು ನಂಬುತ್ತೇನೆ. ಅಮ್ಮ ಹೆಚ್ಚು ಹೊತ್ತು ನಿಲ್ಲಬೇಕಾಗಲಿಲ್ಲ.

ಕೋಣೆಯ ಸಂಖ್ಯೆಯಿರುವ ಚೀಟಿ ಕಟ್ಟಿ ದೊಡ್ಡ ಪೆಟ್ಟಿಗೆಗಳನ್ನು ಹಮಾಲರಿಗೆ ಒಪ್ಪಿಸಿದ ಮೇಲೆ ಅವು ಕೋಣೆ ಸೇರಲು ಸಂಜೆಯೇ ಆಗಬಹುದು. ಆದ್ದರಿಂದ ಪಾಸ್‌ಪೋರ್ಟ್, ವೀಸಾ ಮತ್ತು ಅಪ್ಪನ ರಕ್ತದೊತ್ತಡದ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದೆವು.

ಹತ್ತಿದ ಕೂಡಲೇ ಊಟಕ್ಕೆ ಹೋಗುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ಸುರಕ್ಷತಾ ತಾಲೀಮನ್ನು ದಯವಿಟ್ಟು ಕಡೆಗಣಿಸಬೇಡಿ. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು 32 ಜನ ಸತ್ತಾಗ, ಅಂದೇ ಹತ್ತಿದ್ದ ಅನೇಕರಿಗೆ ಈ ತಾಲೀಮು ಇನ್ನೂ ಆಗಿರಲಿಲ್ಲ. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಅದು ನಡೆಯಲೇಬೇಕು.