ಗೋಪಿ ಸರ್ಕಲ್ ಅಲ್ಲಮ್ಮ, ಸರ್ಕಲ್ ಬ್ಯಾಕ್

ಕಳೆದ ಭಾನುವಾರ ವೀಡಿಯೊ ಕಾಲ್‌ನಲ್ಲಿ ಅಮ್ಮ ಎಂದಿನಂತೆ ಮೊಮ್ಮಗನನ್ನು ಕೇಳಿದರು. "ಪುಟ್ಟ, ಊರಿಗೆ ಯಾವಾಗ ಬರ್ತೀಯಾ?"

ಅವನಿಗೆ ಎಂಟು ವರ್ಷ. ಲೆಗೋ ಜೋಡಿಸುತ್ತಾ, ತಲೆ ಕೂಡ ಎತ್ತದೆ ಹೇಳಿದ. "ಅಜ್ಜಿ, ಲೆಟ್ಸ್ ಸರ್ಕಲ್ ಬ್ಯಾಕ್ ಆನ್ ದಟ್."

"ಯಾವ ಸರ್ಕಲ್ಲೋ? ಗೋಪಿ ಸರ್ಕಲ್ಲಾ?"

ಶಿವಮೊಗ್ಗದವರಿಗೆ ಸರ್ಕಲ್ ಅಂದರೆ ಇನ್ಯಾವುದು ನೆನಪಾಗಬೇಕು, ಹೇಳಿ. ನಾನೂ ನನ್ನ ಗಂಡನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹುಡುಗ ಈ ಮಾತು ಕಲಿತದ್ದು ನಮ್ಮಿಂದಲೇ. ಅಮೆರಿಕದ ಕೊಲಂಬಸ್ ಊರಿನ ಈ ಮನೆಯಲ್ಲಿ ಊಟದ ಮೇಜೇ ಆಫೀಸು. ಮೀಟಿಂಗ್‌ನಲ್ಲಿ ಆಡುವುದೆಲ್ಲ ಅವನ ಕಿವಿಗೆ ಬೀಳುತ್ತದೆ.

ಇಲ್ಲಿನ ಆಫೀಸು ಮಾತೇ ಒಂದು ಬೇರೆ ಲೋಕ. ಅದರಲ್ಲಿ ಬೇಸ್‌ಬಾಲ್‌ನಿಂದ ಬಂದದ್ದು ಬೇಕಾದಷ್ಟಿದೆ. ಬಾಲ್‌ಪಾರ್ಕ್ ಅಂದರೆ ಬೇಸ್‌ಬಾಲ್ ಮೈದಾನ. "ಬಾಲ್‌ಪಾರ್ಕ್ ಫಿಗರ್ ಕೊಡಿ" ಅಂದರೆ ಪೈಸೆ ಪೈಸೆ ಲೆಕ್ಕ ಬೇಡ, ಸುಮಾರು ಎಷ್ಟು ಹೇಳಿ ಅಂತ. "ಟಚ್ ಬೇಸ್" ಅಂದರೆ ಒಮ್ಮೆ ಮಾತಾಡಿಕೊಳ್ಳೋಣ ಅಂತ. ಇನ್ನೊಂದು "ಲೋ ಹ್ಯಾಂಗಿಂಗ್ ಫ್ರೂಟ್". ಜಾಸ್ತಿ ಕಷ್ಟವಿಲ್ಲದೆ ಕೈಗೆ ಸಿಗುವ ಕೆಲಸ ಮೊದಲು ಮುಗಿಸಿ ಅನ್ನುವುದು ಇದರ ಅರ್ಥ. ಅಡಿಕೆ ತೋಟದ ನಡುವೆ ಬೆಳೆದವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ಅಡಿಕೆ ಕೊಯ್ಯುವ ಕೊನೆಗೌಡ ಮರ ಹತ್ತದೆ ನಮ್ಮಲ್ಲಿ ಒಂದು ಗೊನೆಯೂ ಕೆಳಗೆ ಬರುವುದಿಲ್ಲ. ಈಗ ಉದ್ದದ ದೋಟಿ ಬಂದಿದೆ ನಿಜ. ಕತ್ತು ಮೇಲೆತ್ತುವುದು ಮಾತ್ರ ತಪ್ಪಿಲ್ಲ.

"ಟೇಬಲ್" ಮಾಡುವುದರ ಕಥೆ ಇನ್ನೂ ಮಜಾ. ಬ್ರಿಟಿಷರ ಇಂಗ್ಲಿಷಿನಲ್ಲಿ ಹಾಗಂದರೆ ಚರ್ಚೆಗೆ ಮುಂದಿಡುವುದು. ವಿಧಾನಸಭೆಯಲ್ಲಿ ವರದಿ ಟೇಬಲ್ ಮಾಡಿದರು ಅಂದರೆ ನಾವೂ ಮಂಡಿಸಿದರು ಅಂತಲೇ ತಿಳಿಯುತ್ತೇವೆ. ಅಮೆರಿಕದಲ್ಲಿ ಪೂರಾ ಉಲ್ಟಾ. ಟೇಬಲ್ ಮಾಡಿ ಅಂದರೆ ಸದ್ಯಕ್ಕೆ ಬದಿಗಿಡಿ ಅಂತ. ನಮ್ಮಲ್ಲಿ ಮಂಡಿಸಿದ ವರದಿಗಳ ಗತಿ ನೋಡಿದರೆ ಎರಡು ಅರ್ಥಕ್ಕೂ ಅಂಥ ದೂರವೇನಿಲ್ಲ ಬಿಡಿ.

ಇರಲಿ. ನಗು ನಿಂತ ಮೇಲೆ ಅಮ್ಮನಿಗೆ ಸರ್ಕಲ್ ಬ್ಯಾಕ್ ಅಂದರೇನು ಅಂತ ಬಿಡಿಸಿ ಹೇಳಿದೆ. ಈ ವಿಷಯಕ್ಕೆ ಆಮೇಲೆ ಬರೋಣ, ಈಗ ಬೇಡ ಅಂತ.

"ಓ, ಮುಂದಿನ ವಾರ ಬನ್ನಿ ಅಂತ! ಹಂಗ್ ಹೇಳು ಮಾರಾಯ್ತಿ. ಅದನ್ನ ನಮ್ಮಪ್ಪ ಸಾಯೋವರೆಗೂ ಕೇಳಿದಾರೆ."

ಅಮ್ಮ ಹುಟ್ಟಿದ ಊರು ಈಗ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮನೆಮಂದಿಯನ್ನೂ ಪಾತ್ರೆಪಗಡೆಯನ್ನೂ ಲಾರಿಗೆ ಹೇರಿ ಶಿವಮೊಗ್ಗದ ಕಡೆಯ ಕಾಡಿಗೆ ತಂದು ಇಳಿಸಿದರಂತೆ. ಅಲ್ಲಿ ಗದ್ದೆ ಮಾಡಿದ್ದಾಯಿತು, ಅಡಿಕೆ ಸಸಿ ನೆಟ್ಟಿದ್ದಾಯಿತು. ಹಕ್ಕುಪತ್ರ ಒಂದು ಆಗಲಿಲ್ಲ. ಅಜ್ಜ ಕಾಗದದ ಚೀಲ ಕಂಕುಳಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹಿಡಿಯುತ್ತಿದ್ದರು. ಸಾಹೇಬರು ಕ್ಯಾಂಪ್ ಹೋಗಿದಾರೆ. ಫೈಲು ಮೇಲೆ ಹೋಗಿದೆ. ನೋಡೋಣ. ಇವಿಷ್ಟೇ ಉತ್ತರ. ಸರ್ಕಾರಿ ಕಾಗದದ ಕಟ್ಟುಗಳಿಗೆ ಕೆಂಪು ಪಟ್ಟಿ ಕಟ್ಟುತ್ತಿದ್ದುದರಿಂದ ಇಂಗ್ಲಿಷಿಗೆ "ರೆಡ್ ಟೇಪ್" ಅನ್ನುವ ಮಾತು ಬಂತು. ಅಜ್ಜ ಆ ಪಟ್ಟಿಯನ್ನೇ ನೋಡುತ್ತಾ ಬೆಂಚಿನ ಮೇಲೆ ಕೂತವರು.

ಮುಳುಗಡೆಯಾಗಿ 60 ವರ್ಷ ಕಳೆಯಿತು. ಎಷ್ಟೋ ಕುಟುಂಬಗಳಿಗೆ ತಾವು ಉಳುವ ನೆಲದ ಹಕ್ಕು ಇನ್ನೂ ಸಿಕ್ಕಿಲ್ಲ. ಪ್ರತಿ ಚುನಾವಣೆಗೂ ಆ ಮಾತು ಒಮ್ಮೆ ಹೊರಗೆ ಬರುತ್ತದೆ, ಆಮೇಲೆ ಒಳಗೆ ಹೋಗುತ್ತದೆ.

ಅಮೆರಿಕದವರು ನೇರ ಮಾತಿನವರು ಅಂತ ಊರಲ್ಲಿ ಒಂದು ನಂಬಿಕೆ ಇದೆ. ನನಗಂತೂ ಹಾಗೆ ಕಂಡಿಲ್ಲ. ಇತ್ತೀಚೆಗೆ ಆಫೀಸಿನಲ್ಲಿ ಒಬ್ಬರನ್ನು ಕೆಲಸದಿಂದ ತೆಗೆದರು. "ವಿ ಹ್ಯಾಡ್ ಟು ಲೆಟ್ ಹಿಮ್ ಗೋ" ಅಂದರು. ಆತ ಹೋಗುತ್ತೇನೆ ಅಂತ ಹಟ ಹಿಡಿದಿದ್ದ, ಇವರು ಪಾಪ ಬಿಟ್ಟುಕೊಟ್ಟರು ಅನ್ನಬೇಕು! ನಮ್ಮ ಗುಮಾಸ್ತರು ಮುಖ ಗಂಟಿಕ್ಕಿ ಸಾಗಹಾಕುತ್ತಾರೆ, ಇವರು ಹಲ್ಲು ಬಿಟ್ಟು ಸಾಗಹಾಕುತ್ತಾರೆ. ಯಾವುದು ವಾಸಿ ಅಂತ ಅಮ್ಮನನ್ನೇ ಕೇಳಿದೆ. ಅವರು ಯೋಚನೆಯನ್ನೇ ಮಾಡಲಿಲ್ಲ.

"ನಮ್ಮ ಕಡೆಯೋರು ವಾರನಾದ್ರೂ ಹೇಳ್ತಿದ್ರು. ಸೋಮವಾರ ಬನ್ನಿ ಅಂತ. ನಿಮ್ಮ ಸರ್ಕಲ್ಲಿಗೆ ವಾರವೂ ಇಲ್ವಲ್ಲೇ!"

ಅಷ್ಟರಲ್ಲಿ ಹುಡುಗ ಲೆಗೋ ಬಿಟ್ಟು ಫೋನಿನ ಹತ್ತಿರ ಬಂದಿದ್ದ. ಅಜ್ಜಿಯ ಊರು ನೀರೊಳಗಿದೆ ಅನ್ನುವುದು ಅವನಿಗೆ ಹೊಸ ಸುದ್ದಿ. "ಕ್ಯಾನ್ ವಿ ಸೀ ಇಟ್, ಅಜ್ಜಿ?"

ಊರು ಕಾಣುವುದಿಲ್ಲ ಅಂದರು ಅಮ್ಮ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದರೆ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತದೆ, ಅದನ್ನು ತೋರಿಸಬಹುದು. ಅಣೆಕಟ್ಟೇ ಮುಳುಗಿದೆ ಅಂದದ್ದಕ್ಕೆ ಇವನ ಕಣ್ಣು ಅಗಲವಾಯಿತು. ಆದರೆ ಮುಂಗಾರಿಗೆ ಮೊದಲೇ ಬರಬೇಕು. ಇಲ್ಲಿ ಶಾಲೆ ಮುಗಿಯುವುದು ಮೇ ಕೊನೆಗೆ, ಜೂನ್ ಶುರುವಿಗೆಲ್ಲ ಅಲ್ಲಿ ಮಳೆ ಹಿಡಿಯುತ್ತದೆ. ನಡುವೆ ಸಿಗುವುದು ಕೆಲವೇ ದಿನ, ಆ ಹೊತ್ತಿನ ಟಿಕೆಟ್ ಬೆಲೆಯೋ ಕೇಳಲೇಬೇಡಿ. ನಾನಿನ್ನೂ ರಜೆ ಅರ್ಜಿಯನ್ನೇ ಹಾಕಿಲ್ಲ. ಅಮ್ಮ ಆಗಲೇ ಜೀಪಿನವನಿಗೆ ಹೇಳಿಯಾಗಿದೆ.