ಪರವಾನಗಿಗೆ ಊರಿನ ಠರಾವು

ಅಣುವಿದ್ಯುತ್ ಸ್ಥಾವರಕ್ಕೆ ಬೇಗ ಪರವಾನಗಿ ಕೊಡಿ ಎಂದು ಸ್ಥಳೀಯ ಆಡಳಿತವೇ ಒತ್ತಾಯಿಸುತ್ತದೆ ಎಂದರೆ ಕೋಲಾರ ಜಿಲ್ಲೆಯವರಿಗೆ ನಂಬುವುದು ಕಷ್ಟ. ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ತ್ಯಾಜ್ಯವನ್ನು ಕೆಜಿಎಫ್‌ನ ಪಾಳುಬಿದ್ದ ಚಿನ್ನದ ಗಣಿಗಳಲ್ಲಿ ಇಡುವ ಮಾತು 2012ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ವಿಚಾರಣೆಯ ವೇಳೆ ಬಂದಾಗ ಇಲ್ಲಿ ಜನ ಬೀದಿಗಿಳಿದಿದ್ದರು. ಅಂತಹ ಯೋಜನೆ ಇಲ್ಲವೆಂದು ಅಣುವಿದ್ಯುತ್ ನಿಗಮ ಆಮೇಲೆ ಸ್ಪಷ್ಟಪಡಿಸಿತಾದರೂ, ನಮ್ಮ ನೆಲದ ವಿಚಾರ ನಮಗೆ ತಿಳಿದದ್ದು ಪತ್ರಿಕೆಗಳಿಂದ ಎಂಬ ಕಹಿ ಉಳಿಯಿತು.

ಅಮೆರಿಕದ ಸಣ್ಣ ಊರುಗಳ ಲೆಕ್ಕಾಚಾರ ಬೇರೆ. ವಯೋಮಿಂಗ್ ರಾಜ್ಯದ ಕೆಮರರ್ ಕಲ್ಲಿದ್ದಲನ್ನೇ ನಂಬಿ ಬದುಕಿದ ಊರು. ಅದರ ಸಮೀಪ 345 ಮೆಗಾವಾಟ್‌ನ ರಿಯಾಕ್ಟರ್ ನಿರ್ಮಿಸಲು ಟೆರಾಪವರ್ ಕಂಪನಿ 2024ರ ಮಾರ್ಚ್‌ನಲ್ಲಿ ಅರ್ಜಿ ಹಾಕಿತು. ಊರಿನ ಆಡಳಿತ ಅದನ್ನು ಸ್ವಾಗತಿಸಿತು. ಅಲ್ಲಿ ಶಾಲೆ, ರಸ್ತೆಗಳ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದಲೇ ಬರುವುದರಿಂದ, ಇಂತಹ ಸ್ಥಾವರ ಒಂದು ವರ್ಷ ತಡವಾದರೆ ಕೌಂಟಿಯ (ನಮ್ಮ ಜಿಲ್ಲೆಯಂತಹ ಆಡಳಿತ ಘಟಕದ) ಬಜೆಟ್ಟಿಗೇ ಪೆಟ್ಟು. ಅದು ನ್ಯಾಯವಾದ ಆಸೆಯೇ. ಆದರೆ ತೆರಿಗೆಯ ಆಸೆಗೂ ರಿಯಾಕ್ಟರಿನ ಸುರಕ್ಷತೆಗೂ ಸಂಬಂಧವಿಲ್ಲ. ಬೆಂಬಲದ ಪತ್ರ ಎಷ್ಟೇ ದಪ್ಪಗಿದ್ದರೂ ತಂಪುಕಾರಕದ ಕೊಳವೆಯ ಬೆಸುಗೆ ಅದರಿಂದ ಗಟ್ಟಿಯಾಗುವುದಿಲ್ಲ.

ಹಾಗಾದರೆ ಸ್ಥಳೀಯ ಆಡಳಿತದ ಮಾತಿಗೆ ಪರವಾನಗಿಯಲ್ಲಿ ತೂಕವೇ ಇಲ್ಲವೇ? ಇದೆ, ಮತ್ತು ಅದು ಎಲ್ಲಿದೆ ಎಂಬುದನ್ನು ನ್ಯೂಯಾರ್ಕ್ ರಾಜ್ಯದ ಶೋರ್‌ಹ್ಯಾಮ್ ಸ್ಥಾವರ ತೋರಿಸಿತು. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಾದ ಅಪಘಾತದ ನಂತರ ತುರ್ತು ಯೋಜನೆಯಿಲ್ಲದೆ ಪರವಾನಗಿಯಿಲ್ಲ ಎಂಬ ನಿಯಮ ಬಂದಿತ್ತು. ಅಪಘಾತವಾದರೆ ಜನರನ್ನು ಸುರಕ್ಷಿತವಾಗಿ ತೆರವುಗೊಳಿಸುವುದು ಅಸಾಧ್ಯವೆಂದು ಸ್ಥಾವರವಿದ್ದ ಸಫೋಕ್ ಕೌಂಟಿ 1983ರಲ್ಲಿ ಠರಾವು ಮಾಡಿ, ಯೋಜನೆಯಲ್ಲಿ ಭಾಗವಹಿಸಲು ನಿರಾಕರಿಸಿತು. ಪೂರ್ಣ ಸಾಮರ್ಥ್ಯದ ಪರವಾನಗಿ 1989ರಲ್ಲಿ ಸಿಗುವ ಹೊತ್ತಿಗೆ ಸ್ಥಾವರವನ್ನು ಮುಚ್ಚುವ ಒಪ್ಪಂದವೇ ಆಗಿಹೋಗಿತ್ತು. ಸುಮಾರು 600 ಕೋಟಿ ಡಾಲರ್ ಸುರಿದ ಕಟ್ಟಡ ವಾಣಿಜ್ಯ ವಿದ್ಯುತ್ತನ್ನು ಕೊಡಲೇ ಇಲ್ಲ.

ನಮ್ಮಲ್ಲೂ ಜಾಗ, ನಿರ್ಮಾಣ, ಕಾರ್ಯಾರಂಭ, ಚಾಲನೆ ಎಂದು ಹಂತಹಂತವಾಗಿ ಒಪ್ಪಿಗೆ ಕೊಡುವ ಅಣುಶಕ್ತಿ ನಿಯಂತ್ರಣ ಮಂಡಳಿ, ಸ್ಥಾವರದ ಸುತ್ತ 16 ಕಿಲೋಮೀಟರ್ ವ್ಯಾಪ್ತಿಗೆ ತುರ್ತು ಯೋಜನೆ ಬೇಕೆನ್ನುತ್ತದೆ. ಸ್ಥಾವರದ ಆವರಣದಾಚೆಗೆ ಅದನ್ನು ಜಾರಿ ಮಾಡಬೇಕಾದದ್ದು ಜಿಲ್ಲಾಡಳಿತ. ಕೈಗಾದಂತಹ ಕಾಡಿನ ನಡುವಿನ ಜಾಗದಲ್ಲಿ ಎಷ್ಟು ಬಸ್ಸು ಬೇಕು, ವಿಕಿರಣದಿಂದ ಥೈರಾಯ್ಡ್ ಗ್ರಂಥಿಯನ್ನು ಕಾಯುವ ಅಯೋಡಿನ್ ಮಾತ್ರೆ ಯಾವ ಆರೋಗ್ಯ ಕೇಂದ್ರದಲ್ಲಿರಬೇಕು, ಮಳೆಗಾಲದಲ್ಲಿ ಯಾವ ರಸ್ತೆ ಬಂದ್ ಆಗುತ್ತದೆ ಎಂಬುದು ಮಂಡಳಿಯ ಮುಂಬೈ ಕಚೇರಿಗಿಂತ ಅಲ್ಲಿನ ಪಂಚಾಯಿತಿ ಸದಸ್ಯರಿಗೆ ಚೆನ್ನಾಗಿ ಗೊತ್ತು. ಈ ಕೆಲಸವನ್ನು ಮೊದಲೇ ಮುಗಿಸಿಕೊಟ್ಟರೆ ಪರವಾನಗಿಯ ಹಾದಿಯಲ್ಲಿ ಒಂದು ತೊಡಕು ನಿಜವಾಗಿಯೂ ಕಡಿಮೆಯಾಗುತ್ತದೆ. ನನ್ನ ಮಟ್ಟಿಗೆ ಸ್ಥಳೀಯ ಬೆಂಬಲವೆಂದರೆ ಇಷ್ಟೇ. ಉಳಿದದ್ದು ಹಾರ ತುರಾಯಿ.

ಶಾಶ್ವತ ನದಿಯಿಲ್ಲದೆ, ಬೆಂಗಳೂರಿನ ಸಂಸ್ಕರಿಸಿದ ನೀರಿನಿಂದ ಕೆರೆ ತುಂಬಿಸಿಕೊಳ್ಳುವ ನಮ್ಮ ಜಿಲ್ಲೆಗೆ ಅಪಾರ ನೀರು ಬೇಡುವ ದೊಡ್ಡ ರಿಯಾಕ್ಟರ್ ಬರುವುದು ದೂರದ ಮಾತು. ಆದರೆ ತ್ಯಾಜ್ಯದ ಉಗ್ರಾಣಕ್ಕೂ ಒಪ್ಪಿಗೆ ಬೇಕು, ಅದಕ್ಕೆ ಆಳವಾದ ಗಣಿಗಳು ಮತ್ತೆ ಯಾರದಾದರೂ ಕಣ್ಣಿಗೆ ಬೀಳಬಹುದು. ಗಣಿ 2001ರಲ್ಲಿ ಮುಚ್ಚಿದರೂ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಸೈನೈಡ್ ದಿಬ್ಬಗಳು ಹಾಗೇ ಇವೆ, ಗಾಳಿ ಬೀಸಿದರೆ ಅವುಗಳ ದೂಳು ಮನೆಗಳಿಗೆ ನುಗ್ಗುತ್ತದೆ. ಆದ್ದರಿಂದ ಅಂತಹ ಪ್ರಸ್ತಾಪ ಬಂದ ದಿನ ನಗರಸಭೆ ಬೆಂಬಲದ ಠರಾವಿಗೆ ಕೈ ಎತ್ತುವ ಮೊದಲು, ಕೆಲಸ ಮುಗಿದ ಮೇಲೆ ಕಾವಲು ಯಾರದು, ಅದರ ಖರ್ಚು ಯಾರ ಖಾತೆಯಿಂದ ಎಂಬುದನ್ನು ಲಿಖಿತವಾಗಿ ಕೇಳಲಿ.