ಇವತ್ತು ಎರಡನೇ ಸಲದ ಔಷಧಿ

ನವೆಂಬರ್ 9, 2025, ಭಾನುವಾರ
ಬಸವನಗುಡಿ, ಬೆಂಗಳೂರು

ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿನ ಮೇಲೆ ಕೆಂಪು ಪೆನ್ನಲ್ಲಿ ‘ತಲೆ’ ಅಂತ ಬರೆದಿಟ್ಟಿದ್ದೆ. ಅತ್ತೆ ಕಾಫಿ ಕುಡಿಯುತ್ತಾ ನೋಡಿ, "ಯಾರ ತಲೆಯಮ್ಮ ಇದು?" ಅಂದರು. "ಎಲ್ಲರದ್ದೂ ಅತ್ತೆ, ನಿಮ್ಮದೂ ಸೇರಿ" ಅಂದೆ. ಅವರಿಗೆ ಸ್ವಲ್ಪ ಮುಜುಗರವಾಯಿತು.

ಮಕ್ಕಳ ತಲೆಗೆ ಹೇನಿನ ಔಷಧಿ, ಅಂದರೆ ಪರ್ಮೆತ್ರಿನ್ 1% ಲೋಷನ್, ಮೊದಲ ಸಲ ಹಚ್ಚಿದ್ದು ಅಕ್ಟೋಬರ್ 31ಕ್ಕೆ. ಇವತ್ತಿಗೆ ಒಂಬತ್ತು ದಿನ. ಈ ಒಂಬತ್ತರ ಲೆಕ್ಕ ನಮ್ಮ ಮಕ್ಕಳ ಡಾಕ್ಟರು ಹೇಳಿಕೊಟ್ಟಿದ್ದು. ಈ ಔಷಧಿ ಓಡಾಡುವ ಹೇನನ್ನು ಕೊಲ್ಲುತ್ತದೆ, ಆದರೆ ಕೂದಲ ಬುಡಕ್ಕೆ ಅಂಟಿದ ಸೀರು, ಅಂದರೆ ಹೇನಿನ ಮೊಟ್ಟೆ, ಉಳಿದುಬಿಡಬಹುದು. ಸೀರು ಒಡೆಯೋಕೆ ಏಳರಿಂದ ಹತ್ತು ದಿನ. ಹೊರಗೆ ಬಂದ ಮರಿ ದೊಡ್ಡದಾಗಿ ಮತ್ತೆ ಮೊಟ್ಟೆ ಇಡೋಕೆ ಇನ್ನೂ ಒಂದೊಂದೂವರೆ ವಾರ ಬೇಕು. ಈ ಮಧ್ಯದಲ್ಲಿ ಎರಡನೇ ಸಲ ಹಚ್ಚಿದರೆ ಮರಿಗಳು ಮೊಟ್ಟೆ ಇಡುವ ಮೊದಲೇ ಸಿಕ್ಕಿಬೀಳುತ್ತವೆ. ಬಹಳ ಮನೆಗಳಲ್ಲಿ ಮೊದಲ ಸಲಕ್ಕೇ ಕೆರೆತ ನಿಂತಿತು ಅಂತ ಬಾಟಲಿಯನ್ನು ಬಚ್ಚಲುಮನೆಯ ಕಪಾಟಿಗೆ ಸೇರಿಸಿಬಿಡುತ್ತಾರೆ. ತಿಂಗಳೊಳಗೆ ಮತ್ತೆ ಶುರು. ಆಮೇಲೆ ಬೈಗುಳ ಮಾತ್ರ ಸ್ಕೂಲಿಗೆ.

ದೀಪಾವಳಿಗೆ ಅಮ್ಮನ ಮನೆಯಲ್ಲಿ ಮಕ್ಕಳೆಲ್ಲ ಹಾಲಿನಲ್ಲಿ ಸಾಲಾಗಿ ಮಲಗಿದ್ದರು. ಒಂದು ಮೊಬೈಲು, ಸುತ್ತ ಅಷ್ಟೂ ತಲೆ. ಹೇನಿಗೆ ಹಾರೋಕೂ ಬರಲ್ಲ, ನೆಗೆಯೋಕೂ ಬರಲ್ಲ. ತಲೆಗೆ ತಲೆ ತಾಗಿದರೆ ತೆವಳಿಕೊಂಡು ದಾಟುತ್ತದೆ, ಅಷ್ಟೇ. ಹಾಗಂತ ಅಣ್ಣನ ಮಕ್ಕಳಿಂದಲೇ ಬಂತು ಅಂತ ಹೇಳೋಕಾಗಲ್ಲ. ಮೊದಲ ಸಲ ಹೇನಾದವರಿಗೆ ಕೆರೆತ ಶುರುವಾಗೋಕೇ ನಾಲ್ಕರಿಂದ ಆರು ವಾರ ಹಿಡಿಯಬಹುದಂತೆ. ನಮ್ಮವರೇ ಅಲ್ಲಿಗೆ ಕೊಟ್ಟು ಬಂದಿರಲೂಬಹುದು, ಅಲ್ವಾ? ಅತ್ತಿಗೆಗೆ ಫೋನ್ ಮಾಡಿ ಹೇಳಿದ್ದೇನೆ. ಅವರು ನಕ್ಕರು, ಆಮೇಲೆ ಬಾಚಣಿಗೆ ತರಿಸಿದರು.

ತಿಂಡಿ ಆದಮೇಲೆ ಬಾಲ್ಕನಿಯಲ್ಲಿ ಬಿಸಿಲಿಗೆ ಸ್ಟೂಲು ಹಾಕಿದೆ. ಔಷಧಿಗೂ ಮೊದಲು ಬರೀ ಶಾಂಪೂ ಸ್ನಾನ, ಕಂಡೀಶನರ್ ಇಲ್ಲ. ಕಂಡೀಶನರ್ ಇದ್ದರೆ ಔಷಧಿ ಸರಿಯಾಗಿ ಹಿಡಿಯಲ್ಲ. ಟವೆಲ್ಲಿನಲ್ಲಿ ಒರೆಸಿ, ಲೋಷನ್ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದೆವು. ಆಮೇಲೆ ಸ್ಟೀಲಿನ ಹೇನು ಬಾಚಣಿಗೆ. ದೊಡ್ಡವಳ ಕೂದಲು ಸೊಂಟದವರೆಗೆ, ಅದೂ ಗುಂಗುರು. ಕ್ಲಿಪ್ ಹಾಕಿ ಭಾಗ ಮಾಡಿ, ಬೈತಲೆಗೆ ಬಾಚಣಿಗೆ ಒತ್ತಿ ತುದಿಯವರೆಗೆ ಒಂದೇ ಎಳೆತ. ಪ್ರತಿ ಸಲವೂ ಹಳೇ ಬಿಳಿ ಪಂಚೆಯ ತುಂಡಿಗೆ ಒರೆಸಿ ನೋಡಬೇಕು. ಕಿವಿಯ ಹಿಂದೆ, ಕತ್ತಿನ ಹತ್ತಿರ ಬಾಚುವಾಗ ಬಟ್ಟೆಯ ಮೇಲೆ ಒಂದು ಮರಿ ಬಂತು. ಎಳ್ಳಿನಷ್ಟೂ ಇಲ್ಲ, ಹೆಚ್ಚುಕಮ್ಮಿ ಪಾರದರ್ಶಕ, ಕಾಲು ಮಾತ್ರ ಸಣ್ಣಗೆ ಆಡುತ್ತಿತ್ತು. ಮಗಳು, "ಅಮ್ಮ, ಫೋಟೋ ತೆಗಿ" ಅಂದಳು. ಅತ್ತೆ ಫೋಟೋಗೆ ಕಾಯಲಿಲ್ಲ, ಉಗುರಿನ ಮೇಲಿಟ್ಟು ಕುಕ್ಕಿಯೇಬಿಟ್ಟರು.

ಚಿಕ್ಕವಳ ತಲೆಯಲ್ಲಿ ಸಿಕ್ಕಿದ್ದು ಬರೀ ಬಿಳಿ ಚುಕ್ಕೆ. ತಲೆಹೊಟ್ಟಾದರೆ ಬೆರಳಲ್ಲಿ ಜಾರುತ್ತದೆ, ಸೀರು ಅಲ್ಲಾಡಲ್ಲ. ಇವು ಅಲ್ಲಾಡಲಿಲ್ಲ, ಆದರೆ ಬುಡದಿಂದ ದೂರ ಇದ್ದವು. ಕಾಲು ಇಂಚಿಗಿಂತ ಮೇಲಿದ್ದರೆ ಸಾಮಾನ್ಯವಾಗಿ ಖಾಲಿ ಚಿಪ್ಪು, ಇಲ್ಲವೇ ಸತ್ತ ಮೊಟ್ಟೆ. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ ಅವಳಿಗೂ ಹಚ್ಚಿದೆವು.

ಈಗ ಅತ್ತೆಯ ಸರದಿ. ಮಕ್ಕಳಿಗೆ ರಾತ್ರಿ ಕಥೆ ಹೇಳೋದು ಅವರೇ, ಮೂರು ಜನಕ್ಕೂ ಒಂದೇ ದಿಂಬು. "ನನಗೆ ಕೆರೆತಾನೇ ಇಲ್ಲ" ಅಂದರು. ಕೆರೆತ ಇಲ್ಲದಿದ್ದರೂ ಹೇನು ಇರಬಹುದು ಅಂತ ಒಪ್ಪಿಸಿ ಕೂರಿಸಿದೆ. ಎರಡು ದೊಡ್ಡ ಹೇನು ಸಿಕ್ಕವು. ಅವರಿಗೂ ಇವತ್ತೇ ಮೊದಲ ಸಲ ಹಚ್ಚಿದ್ದಾಯಿತು, ಎರಡನೆಯದು 18ಕ್ಕೆ. ಮೊನ್ನೆ ಮಾರ್ಕೆಟ್ಟಿನಿಂದ ತಂದ ಸೀತಾಫಲದ ಬೀಜವನ್ನು ಅವರು ಒಣಗಿಸಿಟ್ಟಿದ್ದರು, ಅರೆದು ಮಕ್ಕಳ ತಲೆಗೆ ಹಚ್ಚೋಣ ಅಂತ. ಹಳೇ ಮದ್ದೇ, ಆದರೆ ಆ ಪುಡಿ ಕಣ್ಣಿಗೆ ಬಿದ್ದರೆ ಕಾರ್ನಿಯಾಗೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಗೆ, ಗಾಯವಾಗುತ್ತದೆ. ಬೀಜ ಕಸಕ್ಕೆ ಹೋಯಿತು. ಸೀಮೆಎಣ್ಣೆಯ ಮಾತಂತೂ ನಮ್ಮ ಮನೆಯಲ್ಲಿ ಬೇಡವೇ ಬೇಡ.

ಎಲ್ಲಕ್ಕಿಂತ ಕಷ್ಟವಾಗಿದ್ದು ಮೇಲಿನ ಮನೆಗೆ ಹೇಳೋದು. ಅವರ ಮಗಳು, ನಮ್ಮ ಚಿಕ್ಕವಳು ದಿನಾ ಸಂಜೆ ಒಂದೇ ಪುಸ್ತಕಕ್ಕೆ ತಲೆ ಬಗ್ಗಿಸಿ ಬಣ್ಣ ಹಚ್ಚುತ್ತಾರೆ. ಆ ತಲೆ ನೋಡದೆ ನಮ್ಮ ಮನೆಯವರನ್ನಷ್ಟೇ ಬಾಚಿ ಏನು ಉಪಯೋಗ? ಮೆಟ್ಟಿಲಲ್ಲಿ ಸಿಕ್ಕಾಗ ಸುತ್ತಿ ಬಳಸದೆ ಹೇಳಿದೆ: "ರೀ, ನಮ್ಮ ಮಕ್ಕಳಿಗೆ ಹೇನಾಗಿದೆ. ಔಷಧಿ ಹಚ್ಚಿದ್ದೀವಿ. ನಿಮ್ಮ ಪುಟ್ಟೀದೂ ಒಂದ್ಸಲ ನೋಡಿಬಿಡಿ." ಅವರು ದನಿ ತಗ್ಗಿಸಿ, "ನಮ್ಮನೇಲೂ ಇದೆ ಕಣ್ರೀ, ಯಾರಿಗೆ ಹೇಳೋದು ಅಂತ ಸುಮ್ನಿದ್ದೆ" ಅಂದರು. ಈ ಸುಮ್ನಿರೋದೇ ಹೇನಿಗೆ ಅನುಕೂಲ. ಕೊಳಕಿಗೂ ಹೇನಿಗೂ ಸಂಬಂಧ ಇಲ್ಲ, ದಿನಾ ತಲೆಗೆ ಸ್ನಾನ ಮಾಡುವವರಿಗೂ ಆಗುತ್ತದೆ. ಕ್ಲಾಸಿನ ವಾಟ್ಸಾಪ್ ಗ್ರೂಪಿಗೂ ಎರಡು ಸಾಲು ಹಾಕಿದ್ದೇನೆ, ನನ್ನ ಹೆಸರಲ್ಲೇ. 14ರ ಮಕ್ಕಳ ದಿನಾಚರಣೆಗೆ ಡ್ಯಾನ್ಸ್ ಪ್ರಾಕ್ಟೀಸ್ ನಡೀತಿದೆ, ಒಂದೇ ಚೌರಿ ನಾಲ್ಕು ತಲೆ ಸುತ್ತುತ್ತದೆ. ದೊಡ್ಡವಳಿಗೆ ಬೇರೆ ಚೌರಿ ಕೊಟ್ಟು ಕಳಿಸುತ್ತೇನೆ. ಸ್ಕೂಲಿಗೆ ಬಿಗಿಯಾಗಿ ಎರಡು ಜಡೆ, ಬಿಟ್ಟ ಕೂದಲು ಸದ್ಯಕ್ಕೆ ಇಲ್ಲ.

ಮನೆ ಕ್ಲೀನಿಂಗಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ತಲೆಯಿಂದ ಬಿದ್ದ ಹೇನು ಒಂದೆರಡು ದಿನಕ್ಕಿಂತ ಬದುಕಲ್ಲ. ದಿಂಬಿನ ಕವರು, ಟವೆಲ್ಲು ಬಿಸಿನೀರಿಗೆ. ಒಗೆಯೋಕಾಗದ ಗೊಂಬೆ ಎರಡು ವಾರ ಪ್ಲಾಸ್ಟಿಕ್ ಕವರಿನೊಳಗೆ ಗಂಟು. ಸೋಫಾಗೆ ಸ್ಪ್ರೇ ಹೊಡೆಯೋಣ ಅಂದ ಇವರಿಗೆ ಬೇಡ ಅಂದು, ಅವರನ್ನೂ ಸ್ಟೂಲಿನ ಮೇಲೆ ಕೂರಿಸಿದೆ. ಬಾಚಿ ನೋಡಿದರೆ ಏನೂ ಇಲ್ಲ, ಇರೋ ಕೂದಲೂ ಅಷ್ಟರಲ್ಲೇ ಇದೆ.

ಇನ್ನು ಎರಡು ಮೂರು ವಾರ, ಎರಡು ಮೂರು ದಿನಕ್ಕೊಮ್ಮೆ ಬಾಚಬೇಕು. ಮತ್ತೆ ಮಂಗಳವಾರ ಸಂಜೆ. ಅತ್ತೆ ದೊಡ್ಡ ಗಣಪತಿ ದೇವಸ್ಥಾನಕ್ಕೆ ಹೊರಡುವುದರೊಳಗೆ ಅವರನ್ನೇ ಮೊದಲು ಹಿಡಿಯಬೇಕು.